ಪಂಪಿಗೊಂದು, ಹಟ್ಟಿಗೊಂದು, ಗಾಣಕ್ಕೊಂದು: ಬಾಳಿಕೆ ಬರುವ ರಬ್ಬರ್ ಶೀಟ್ ಆರಿಸುವ ಬಗೆ

ಕಾಸರಗೋಡು ಜಿಲ್ಲೆಯ ಮುಳ್ಳೇರಿಯ, ಅಡೂರು, ಪೆರ್ಲದ ಕಡೆ ‘ರಬ್ಬರ್ ಶೀಟ್’ ಎಂದರೆ ಹೊಗೆಮನೆಯಲ್ಲಿ ನೇತುಹಾಕಿದ ಕಂದು ಹಾಳೆಯೇ ಮೊದಲು ಕಣ್ಣೆದುರು ಬರುತ್ತದೆ. ಆರ್‌ಎಸ್‌ಎಸ್ (ರಿಬ್ಡ್ ಸ್ಮೋಕ್ಡ್ ಶೀಟ್) 1ರಿಂದ 5ರವರೆಗೆ ದರ್ಜೆ ಹಚ್ಚಿ ಮಾರುವ ಆ ಹಾಳೆ ಕಚ್ಚಾ ಮಾಲು. ಬಿಸಿಲಿಗೆ ಅದು ಮೆತ್ತಗಾಗುತ್ತದೆ, ಒಂದಕ್ಕೊಂದು ಅಂಟುತ್ತದೆ, ಒತ್ತಿದರೆ ಒತ್ತಿದ ಹಾಗೇ ಉಳಿಯುತ್ತದೆ. ಪಂಪಿನ ಫ್ಲೇಂಜಿಗೆ (ಬೋಲ್ಟು ಹಾಕಿ ಪೈಪು ಜೋಡಿಸುವ ಚಪ್ಪಟೆ ಅಂಚಿಗೆ) ಅದನ್ನೇ ಕತ್ತರಿಸಿ ಇಟ್ಟರೆ ಬೋಲ್ಟಿನ ಬಿಗಿತಕ್ಕೆ ನಿಧಾನವಾಗಿ ಹರಿದು ಹೊರಗೆ ಬರುತ್ತದೆ. ಅದೇ ಮಾಲಿಗೆ ಗಂಧಕ, ಸತುವಿನ ಆಕ್ಸೈಡ್, ಕಾರ್ಬನ್ ಬ್ಲ್ಯಾಕ್ ಸೇರಿಸಿ ಸುಮಾರು 150 ಡಿಗ್ರಿ ಸೆಲ್ಸಿಯಸಿನಲ್ಲಿ ಒತ್ತಿ ಬೇಯಿಸಿದಾಗ, ಅಂದರೆ ವಲ್ಕನೈಸ್ ಮಾಡಿದಾಗ, ಅದು ಎಳೆದರೆ ಹಿಂದೆ ಬರುವ, ವರ್ಷಗಟ್ಟಲೆ ಆಕಾರ ಉಳಿಸಿಕೊಳ್ಳುವ ರಬ್ಬರ್ ಆಗುತ್ತದೆ. ಇಲ್ಲಿ ಹೇಳುವುದೆಲ್ಲ ಹಾಗೆ ಬೇಯಿಸಿದ, ಹಾರ್ಡ್‌ವೇರ್ ಅಂಗಡಿಯಲ್ಲಿ ರೋಲಿನಿಂದ ಕತ್ತರಿಸಿ ಕೊಡುವ ಶೀಟಿನ ಬಗ್ಗೆ.

ಅಂಗಡಿಗೆ ಹೋದ ಕೂಡಲೇ ಕೇಳಿಬರುವ ಪ್ರಶ್ನೆ ‘ಎಷ್ಟು ಎಂಎಂ?’ ನಮ್ಮ ಅನಿಸಿಕೆಯಲ್ಲಿ ಅದು ಮೂರನೆಯದಾಗಿ ಬರಬೇಕಾದ ಪ್ರಶ್ನೆ. ಈ ಶೀಟಿಗೆ ಏನು ತಾಗುತ್ತದೆ, ಎಷ್ಟು ಬಿಸಿ ತಾಗುತ್ತದೆ ಎಂಬುದು ಮೊದಲನೆಯದು. ಎಷ್ಟು ಗಟ್ಟಿಯಿರಬೇಕು ಎಂಬುದು ಎರಡನೆಯದು. ದಪ್ಪದ ಮಾತು ಆಮೇಲೆ. ತಪ್ಪು ಜಾತಿಯ ರಬ್ಬರನ್ನು ಇಮ್ಮಡಿ ದಪ್ಪದಲ್ಲಿ ತಂದರೂ ಅದು ಹಾಳಾಗುವುದು ತಪ್ಪುವುದಿಲ್ಲ.

ಏನು ತಾಗುತ್ತದೆ?

ಬಾವಿ, ಕೆರೆ, ನೀರಿಗಾಗಿ ಗುಡ್ಡ ಕೊರೆದ ಸುರಂಗದ ತಣ್ಣೀರು ಮಾತ್ರ ತಾಗುವುದಾದರೆ ನೈಸರ್ಗಿಕ ರಬ್ಬರ್ ಸಾಕು. ಎಳೆತ, ಸವೆತ ತಾಳುವುದರಲ್ಲಿ ಅದರಷ್ಟು ಒಳ್ಳೆಯದು ಕಡಿಮೆ. ಎಸ್‌ಬಿಆರ್ ಎಂಬ ಕೃತಕ ರಬ್ಬರೂ ಹೆಚ್ಚುಕಡಿಮೆ ಅದರಂತೆಯೇ. ಅಂಗಡಿಯಲ್ಲಿ ‘ಕಮರ್ಷಿಯಲ್ ಶೀಟ್’ ಎಂದು ಕೊಡುವುದು ಸಾಮಾನ್ಯವಾಗಿ ಇವೆರಡರ ಮಿಶ್ರಣ, ಜೊತೆಗೆ ಹಳೆ ಟಯರು ಕರಗಿಸಿ ತೆಗೆದ ರಿಕ್ಲೇಮ್. ಇವು ಹೆದರುವುದು ಮೂರಕ್ಕೆ: ಎಣ್ಣೆ, ಬಿಸಿಲು, 70 ಡಿಗ್ರಿ ಮೀರಿದ ಬಿಸಿ.

ತೆಂಗಿನೆಣ್ಣೆಯ ಗಾಣ, ಡೀಸೆಲ್ ಎಂಜಿನ್, ಗೇರುಬೀಜದ ಸಿಪ್ಪೆಯ ಎಣ್ಣೆ ಇರುವ ಕಡೆ ನೈಟ್ರೈಲ್ ಎಂಬ ಕೃತಕ ರಬ್ಬರ್ ಬೇಕು. ನೈಸರ್ಗಿಕ ರಬ್ಬರ್ ಎಣ್ಣೆ ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಉಗುರಿಗೇ ಕಿತ್ತು ಬರುತ್ತದೆ. ನೈಟ್ರೈಲ್ 100 ಡಿಗ್ರಿಯವರೆಗೂ ತಡೆಯುತ್ತದೆ. ಆದರೆ ಬಿಸಿಲಲ್ಲಿ ಒಡಕು ಬಿಡುತ್ತದೆ, ಹಾಗಾಗಿ ಹೊರಗಿನ ಕೆಲಸಕ್ಕಲ್ಲ.

ಬಿಸಿಲು, ಮಳೆ, ಬಿಸಿನೀರು ತಾಗುವಲ್ಲಿ ಇಪಿಡಿಎಂ ಎಂಬ ಇನ್ನೊಂದು ಕೃತಕ ರಬ್ಬರ್. ಸೋಲಾರ್ ಹೀಟರಿನ ಜೋಡಣೆ, ತಾರಸಿಯ ಮೇಲೆ ಹೊದಿಸಿದ ಕಬ್ಬಿಣದ ಶೀಟಿನ ಸ್ಕ್ರೂ ವಾಶರ್, ನೀರಿನ ಟ್ಯಾಂಕಿನ ಫ್ಲೇಂಜ್, ತೋಡಿನ ಕಟ್ಟಕ್ಕೆ ಇಳಿಸುವ ಹಲಗೆಗಳ ಅಂಚಿನ ಪಟ್ಟಿ ಇವೆಲ್ಲಕ್ಕೂ ಅದೇ ಸರಿ. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿದು, ಉಳಿದ ತಿಂಗಳು ಬಿಸಿಲು ಕಾಯುವ ಈ ನೆಲದಲ್ಲಿ ಮನೆಯ ಹೊರಗಿನ ಕೆಲಸಕ್ಕೆ ನೈಸರ್ಗಿಕ ರಬ್ಬರಿಗಿಂತ ಇದಕ್ಕೆ ಸ್ವಲ್ಪ ಹೆಚ್ಚು ಕೊಡುವುದು ಖಂಡಿತ ನಷ್ಟವಲ್ಲ. ಒಂದೇ ಎಚ್ಚರಿಕೆ: ಎಣ್ಣೆ ಸೋಕಬಾರದು. ಎಣ್ಣೆಯೂ ಬಿಸಿಲೂ ಎರಡೂ ಇದ್ದರೆ ನಿಯೋಪ್ರೀನ್. ಎರಡನ್ನೂ ಮಧ್ಯಮ ಮಟ್ಟದಲ್ಲಿ ತಡೆಯುತ್ತದೆ; ಬೆಂಕಿ ಹತ್ತಿದರೂ ಜ್ವಾಲೆ ತೆಗೆದ ಕೂಡಲೇ ಆರುತ್ತದೆ.

ಆಹಾರ ತಾಗುವಲ್ಲಿ, 200 ಡಿಗ್ರಿವರೆಗಿನ ಒಣ ಬಿಸಿಯಲ್ಲಿ ಸಿಲಿಕೋನ್. ಅದರ ದೌರ್ಬಲ್ಯ ಸುಲಭವಾಗಿ ಹರಿಯುವುದು. ಅಂಚಿನಲ್ಲಿ ಸಣ್ಣ ಕಚ್ಚು ಬಿದ್ದರೆ ಸಾಕು, ಕಾಗದದಂತೆ ಸೀಳಿಹೋಗುತ್ತದೆ. ಪ್ರೆಶರ್ ಕುಕ್ಕರಿಗೆ ಯಾವ ಶೀಟಿನಿಂದಲೂ ಕತ್ತರಿಸಿ ಹಾಕಬೇಡಿ. ಆ ಮಾದರಿಗೆಂದೇ ಅಚ್ಚು ಹಾಕಿದ ಗ್ಯಾಸ್ಕೆಟ್ ಮಾತ್ರ.

ಮೈಲುತುತ್ತಿನ ವಿಷಯ

ಅಡಿಕೆ ತೋಟದವರು ಇದನ್ನು ಗಮನವಿಟ್ಟು ಓದಬೇಕು. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ ಇರುತ್ತದೆ. ಮೈಲುತುತ್ತೆಂದರೆ ತಾಮ್ರ. ತಾಮ್ರ ನೈಸರ್ಗಿಕ ರಬ್ಬರಿಗೆ ವಿಷ. ಗಾಳಿಯ ಆಮ್ಲಜನಕ ರಬ್ಬರನ್ನು ತಿನ್ನುವ ಕ್ರಿಯೆ ತಾಮ್ರದ ಅತಿ ಸಣ್ಣ ಅಂಶ ಸೇರಿದರೂ ಬಿರುಸಾಗುತ್ತದೆ. ಮೊದಲು ಮೇಲ್ಮೈ ಅಂಟಂಟಾಗುತ್ತದೆ, ಬೆರಳಿಗೆ ಕಪ್ಪು ಹತ್ತುತ್ತದೆ. ಆಮೇಲೆ ಗಟ್ಟಿಯಾಗಿ, ಮಡಚಿದಲ್ಲಿ ಬಿರಿಯುತ್ತದೆ. ಮಳೆಗಾಲ ಮುಗಿದ ಮೇಲೆ ತೊಳೆಯದೆ ಇಟ್ಟ ಸ್ಪ್ರೇಯರಿನ ವಾಶರ್ ಮುಂದಿನ ಮಳೆಗಾಲದ ಆಟಿ ತಿಂಗಳ ಹೊತ್ತಿಗೆ ಕೈಕೊಡಲು ಮುಖ್ಯ ಕಾರಣ ಇದು. ಹಿತ್ತಾಳೆಯ ಭಾಗಗಳೂ ತಾಮ್ರದ್ದೇ ಬಳಗ ಎಂಬುದನ್ನು ಮರೆಯಬಾರದು. ಸ್ಪ್ರೇಯರಿನ ವಾಲ್ವ್, ಡ್ರಮ್ಮಿನ ಮುಚ್ಚಳ, ಹೋಸ್ ಜೋಡಣೆಗೆ ಶೀಟ್ ಕತ್ತರಿಸುವುದಿದ್ದರೆ ಇಪಿಡಿಎಂ ಅಥವಾ ನೈಟ್ರೈಲ್ ತನ್ನಿ. ಯಾವುದೇ ಇದ್ದರೂ ಪ್ರತಿ ಸಲ ಹೊಡೆದ ಮೇಲೆ ಎರಡು ಕೊಡ ಶುದ್ಧ ನೀರನ್ನು ಪಂಪಿನ ಮೂಲಕ ಹಾಯಿಸಿ.

ಗಟ್ಟಿತನ

ರಬ್ಬರಿನ ಗಟ್ಟಿತನವನ್ನು ಶೋರ್ ಎ ಎಂಬ ಅಳತೆಯಲ್ಲಿ ಹೇಳುತ್ತಾರೆ. 40 ಎಂದರೆ ಬೆರಳೊತ್ತಿದರೆ ಸುಲಭವಾಗಿ ತಗ್ಗುವಷ್ಟು ಮೆದು. 60 ಎಂದರೆ ಕಾರಿನ ಟಯರಿನ ಮೇಲ್ಪದರದ ಹತ್ತಿರ. 75–80 ಎಂದರೆ ಗಡುಸು ಶೂ ಅಟ್ಟೆ. ಫ್ಲೇಂಜಿನ ಕೆಲಸಕ್ಕೆ 60, ಐದು ಹೆಚ್ಚುಕಡಿಮೆಯಾದರೂ ಪರವಾಗಿಲ್ಲ. ಮೇಲ್ಮೈ ಒರಟಾಗಿರುವ, ತುಕ್ಕು ತಿಂದು ಗುಳಿಬಿದ್ದ ಹಳೆ ಫ್ಲೇಂಜಿಗೆ, ಪ್ಲಾಸ್ಟಿಕ್ ಟ್ಯಾಂಕಿನ ಜೋಡಣೆಗೆ 40–50 ಚೆನ್ನಾಗಿ ಕೂರುತ್ತದೆ. ಸವೆತ ಇರುವ ಕಡೆ 65–70.

ಪಂಪಿನ ನೀರೆಳೆಯುವ ಬದಿಗೆ ಮೆದು ಶೀಟ್ ಹಾಕಬಾರದು. ಅಲ್ಲಿ ಒಳಗಿನಿಂದ ಸೆಳೆತ ಇರುವುದರಿಂದ ಗ್ಯಾಸ್ಕೆಟಿನ ಒಳ ಅಂಚು ಪೈಪಿನೊಳಕ್ಕೆ ಎಳೆದುಕೊಂಡು ಹೋಗುತ್ತದೆ. ನೀರು ಸೋರುವುದು ಕಾಣಿಸದು, ಗಾಳಿ ಮಾತ್ರ ಒಳಹೋಗಿ ಪಂಪ್ ಪ್ರೈಮ್ ಬಿಡುತ್ತದೆ, ಅಂದರೆ ಒಳಗೆ ತುಂಬಿದ ನೀರು ಇಳಿದು ಎಳೆತ ನಿಲ್ಲುತ್ತದೆ. ಆ ಜಾಗಕ್ಕೂ ಫುಟ್‌ವಾಲ್ವಿನ ಬಾಗಿಲಿಗೂ ಬಟ್ಟೆ ಪದರ ಸೇರಿಸಿದ ಇನ್ಸರ್ಷನ್ ಶೀಟ್ ಒಳ್ಳೆಯದು. ಇಂತಹ ಜಾಯಿಂಟ್ ಶೀಟ್‌ಗಳಿಗೆ ಐಎಸ್ 638 ಎಂಬ ಭಾರತೀಯ ಮಾನಕ ಇದೆ. ಬಿಲ್ಲಿನಲ್ಲಿ ಅದನ್ನು ಬರೆಸಿಕೊಳ್ಳಿ. ಇನ್ಸರ್ಷನ್ ಶೀಟಿನ ಕತ್ತರಿಸಿದ ಅಂಚಿನಿಂದ ಬಟ್ಟೆ ನೀರು ಹೀರುತ್ತದೆ, ಕಾಲಕ್ರಮೇಣ ಕೊಳೆಯುತ್ತದೆ. ಅಂಚಿಗೆ ರಬ್ಬರ್ ಅಂಟಿನ ತೆಳು ಲೇಪ ಕೊಟ್ಟರೆ ಅದು ತಡವಾಗುತ್ತದೆ.

ಎಷ್ಟು ದಪ್ಪ, ಎಷ್ಟು ಬಿಗಿ

ನೇರವಾದ, ಸ್ವಚ್ಛವಾದ ಫ್ಲೇಂಜಿಗೆ 3 ಮಿ.ಮೀ. ಸಾಕು. ಸೋರುತ್ತದೆ ಎಂದು 6 ಮಿ.ಮೀ. ಹಾಕುವುದು ನಮ್ಮಲ್ಲಿ ಬಹಳ ಕಂಡುಬರುವ ತಪ್ಪು. ದಪ್ಪ ಇಮ್ಮಡಿಯಾದರೆ ನೀರಿನ ಒತ್ತಡ ತಳ್ಳುವ ಒಳ ಅಂಚೂ ಇಮ್ಮಡಿ, ರಬ್ಬರ್ ಜಾರಿ ಹೊರಬರುವುದೂ ಸುಲಭ, ಬೋಲ್ಟು ಸಡಿಲಾಗುವುದೂ ಬೇಗ. ಫ್ಲೇಂಜ್ ಸೊಟ್ಟಗಿದ್ದರೆ ಅದನ್ನು ಸರಿಮಾಡಬೇಕೇ ಹೊರತು ರಬ್ಬರಿನಲ್ಲಿ ತುಂಬಿಸಬಾರದು.

ರಬ್ಬರ್ ಸ್ಪಂಜಿನಂತೆ ಒಳಗೇ ಕುಗ್ಗುವ ವಸ್ತುವಲ್ಲ. ಮೇಲಿನಿಂದ ಒತ್ತಿದರೆ ಪಕ್ಕಕ್ಕೆ ಉಬ್ಬಲೇಬೇಕು. 3 ಮಿ.ಮೀ. ಶೀಟನ್ನು ಸುಮಾರು ಐದನೇ ಒಂದು ಭಾಗ, ಅಂದರೆ 0.6 ಮಿ.ಮೀ. ಒತ್ತಿದರೆ ಮನೆಯ, ತೋಟದ ಪಂಪಿಗೆ ಸಾಕಷ್ಟು ಬಿಗಿ. ಇದನ್ನು ಸ್ಪಾನರಿನಲ್ಲಿ ಅಳೆಯಬಹುದು. ಎಂ12, ಅಂದರೆ 12 ಮಿ.ಮೀ. ದಪ್ಪದ ಬೋಲ್ಟಿನ ಎರಡು ಎಳೆಗಳ ನಡುವಿನ ಅಂತರ 1.75 ಮಿ.ಮೀ. ಎಲ್ಲ ನಟ್ಟುಗಳನ್ನೂ ಕೈಯಲ್ಲಿ ತಿರುಗಿಸಿ ಫ್ಲೇಂಜ್ ರಬ್ಬರಿಗೆ ಸರಿಯಾಗಿ ತಾಗಿದ ಮೇಲೆ ಸ್ಪಾನರಿನಲ್ಲಿ ಸುತ್ತಿನ ಮೂರನೇ ಒಂದು ಭಾಗ ತಿರುಗಿಸಿದರೆ ಒತ್ತುವುದು ಸರಿಸುಮಾರು 0.6 ಮಿ.ಮೀ. ಅಷ್ಟೇ. ಗಡಿಯಾರದ ಮುಳ್ಳು 12ರಿಂದ 4ಕ್ಕೆ ಹೋದಷ್ಟು. ಅದನ್ನೂ ಒಂದೇ ಏಟಿಗೆ ಮಾಡದೆ, ಎದುರುಬದುರು ನಟ್ಟುಗಳನ್ನು ಜೋಡಿಯಾಗಿ ಹಿಡಿದು ಮೂರು ಸಲದಲ್ಲಿ ಮುಗಿಸಿ. ಸುತ್ತಲೂ ರಬ್ಬರಿನ ಅಂಚು ಸಮನಾಗಿ ಕೂದಲೆಳೆಯಷ್ಟು ಉಬ್ಬಿದ್ದರೆ ಸರಿಯಾಗಿದೆ. ತುಟಿಯಂತೆ ಹೊರಚಾಚಿದ್ದರೆ ಅತಿಯಾಯಿತು. ಅಂತಹ ಗ್ಯಾಸ್ಕೆಟ್ ಬೋಲ್ಟಿನ ಪಕ್ಕದಲ್ಲಿ ಸೀಳುತ್ತದೆ. ಮರುದಿನ ಒಮ್ಮೆ ಸ್ಪಾನರ್ ಇಟ್ಟು ನೋಡಿ, ಕೊಂಚ ಸಡಿಲಾಗಿರುತ್ತದೆ. ರಬ್ಬರಿನ ಸ್ವಭಾವವೇ ಅದು. ಒಂದು ಸಲ ಬಿಗಿ ಮಾಡಿ ಬಿಡಿ.

ಗ್ರೀಸ್ ಹಚ್ಚಿ ಕೂರಿಸುವ ಅಭ್ಯಾಸ ಬಿಡಬೇಕು. ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ, ಜೊತೆಗೆ ಫ್ಲೇಂಜಿನ ಹಿಡಿತ ತಪ್ಪಿಸಿ ಗ್ಯಾಸ್ಕೆಟನ್ನು ಹೊರಕ್ಕೆ ಜಾರಿಸುತ್ತದೆ. ಎರಡೂ ಮೇಲ್ಮೈ ಒಣಗಿರಲಿ.

ಕತ್ತರಿಸುವುದು

ಫ್ಲೇಂಜಿನ ಮೇಲೆ ಶೀಟಿಟ್ಟು ಸುತ್ತಿಗೆಯಿಂದ ಬಡಿದು ಅಚ್ಚು ತೆಗೆಯುವುದು ಬೇಡ; ಎರಕದ ಅಂಚು ಚೂರಾಗುತ್ತದೆ, ರಬ್ಬರಿನ ಅಂಚೂ ಜಜ್ಜಿಹೋಗುತ್ತದೆ. ದಪ್ಪ ಕಾಗದದಲ್ಲಿ ಅಚ್ಚು ಮಾಡಿ, ಅದನ್ನು ಶೀಟಿನ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಿ. ಹಲಸಿನ ಮರದ ಕೊರಡನ್ನು ಅಡ್ಡಕ್ಕೆ ಕೊಯ್ದ ಮುಖ ಮೇಲಾಗುವಂತೆ ನಿಲ್ಲಿಸಿ, ಅದರ ಮೇಲೆ ಪಂಚ್ ಇಟ್ಟು ತೂತು ಹೊಡೆಯಿರಿ. ಕಲ್ಲಿನ ಮೇಲೆ, ಸಿಮೆಂಟಿನ ಮೇಲೆ ಹೊಡೆದರೆ ಪಂಚಿನ ಬಾಯಿ ಹೋಗುತ್ತದೆ. ತೂತು ಬೋಲ್ಟಿಗಿಂತ 1–2 ಮಿ.ಮೀ. ದೊಡ್ಡದಿರಲಿ: ಒತ್ತಿದಾಗ ರಬ್ಬರ್ ತೂತಿನೊಳಕ್ಕೂ ಉಬ್ಬುತ್ತದೆ, ಜಾಗವಿಲ್ಲದಿದ್ದರೆ ಬೋಲ್ಟಿನ ಎಳೆಗೆ ಸಿಕ್ಕಿ ಹರಿಯುತ್ತದೆ. ನೇರ ಕತ್ತರಿಸಲು ಚೂಪಾದ ಕತ್ತಿಯ ಅಲಗನ್ನು ಸಾಬೂನು ನೀರಿನಲ್ಲಿ ಅದ್ದಿ, ಕಬ್ಬಿಣದ ಅಳತೆಪಟ್ಟಿಯ ಬದಿಯಲ್ಲಿ ಎರಡು ಮೂರು ಸಲ ಎಳೆಯಿರಿ. ಬಲವಂತವಾಗಿ ಒಂದೇ ಎಳೆತಕ್ಕೆ ಕತ್ತರಿಸಿದರೆ ಅಂಚು ಓರೆಯಾಗುತ್ತದೆ.

ಪಟ್ಟಿಗಳನ್ನು ಜೋಡಿಸಬೇಕಾದರೆ ತುದಿಗಳನ್ನು ಓರೆಯಾಗಿ ಕೊಯ್ದು, 80ರ ಮರಳುಕಾಗದದಲ್ಲಿ ಉಜ್ಜಿ, ಧೂಳು ಒರೆಸಿ, ಚಪ್ಪಲಿ ಅಂಟಿಸುವ ಹಳದಿ ಅಂಟನ್ನು ಎರಡು ಸಲ ತೆಳ್ಳಗೆ ಹಚ್ಚಿ, ಪ್ರತಿ ಸಲ 10–15 ನಿಮಿಷ ಒಣಗಿಸಿ ಒತ್ತಿ. ಮಳೆಯ ದಿನ ಈ ಕೆಲಸ ಬೇಡ. ಅಂಟು ಆರುವಾಗ ತಣ್ಣಗಾಗಿ ಗಾಳಿಯ ತೇವ ಮೇಲೆ ಕೂರುತ್ತದೆ, ಹಿಡಿಯುವುದಿಲ್ಲ. ಇಪಿಡಿಎಂ, ಸಿಲಿಕೋನಿಗೆ ಈ ಅಂಟು ಹಿಡಿಯುವುದೇ ಇಲ್ಲ.

ಕೊಳ್ಳುವಾಗ ತೂಗಿ ನೋಡಿ

ಶೀಟನ್ನು ಕಿಲೋ ಲೆಕ್ಕದಲ್ಲಿ ಮಾರುವುದು ರೂಢಿ. ಮೋಸ ಹೋಗುವುದು ಇಲ್ಲಿಯೇ. ರಬ್ಬರ್ ಹಗುರ, ಅಗ್ಗ ಮಾಡಲು ಸೇರಿಸುವ ಸುಣ್ಣಕಲ್ಲಿನ ಪುಡಿ, ಜೇಡಿ ಭಾರ. ಒಳ್ಳೆಯ ನೈಸರ್ಗಿಕ ಅಥವಾ ಎಸ್‌ಬಿಆರ್ ಶೀಟಿನ ಸಾಂದ್ರತೆ ನೀರಿನ 1.1ರಿಂದ 1.25 ಪಟ್ಟು; ಪುಡಿ ತುಂಬಿದ್ದು 1.5–1.7ಕ್ಕೆ ಏರುತ್ತದೆ. 10 ಮೀ. ಉದ್ದ, 1.2 ಮೀ. ಅಗಲ, 3 ಮಿ.ಮೀ. ದಪ್ಪದ ರೋಲ್ 1.2 ಸಾಂದ್ರತೆಯದಾದರೆ 43.2 ಕೆ.ಜಿ., 1.6ರದಾದರೆ 57.6 ಕೆ.ಜಿ. ಅಂದರೆ ಎರಡನೆಯದರ ಕಿಲೋ ದರ ಕಾಲು ಭಾಗ ಕಡಿಮೆಯಿದ್ದರೂ ರೋಲಿಗೆ ಕೊಡುವ ಹಣ ಒಂದೇ. ಸಿಕ್ಕಿದ್ದು ಮಾತ್ರ ಕಡಿಮೆ ರಬ್ಬರ್, ಹೆಚ್ಚು ಕಲ್ಲುಪುಡಿ.

ಸಾಂದ್ರತೆ ನೋಡಲು ಪ್ರಯೋಗಾಲಯ ಬೇಡ. ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಒಂದು ಲೋಟ ನೀರು, ನೂಲು ಸಾಕು. ತುಂಡನ್ನು ಒಣಗಿದಂತೆ ತೂಗಿ. 24 ಗ್ರಾಂ ಬಂತು ಎನ್ನಿ. ನೀರಿನ ಲೋಟವನ್ನು ತಕ್ಕಡಿಯಲ್ಲಿಟ್ಟು ಸೊನ್ನೆ ಮಾಡಿ. ತುಂಡನ್ನು ನೂಲಿಗೆ ಕಟ್ಟಿ, ಪೂರ್ತಿ ಮುಳುಗುವಂತೆ, ತಳಕ್ಕೂ ಬದಿಗೂ ತಾಗದಂತೆ ಕೈಯಲ್ಲೇ ಹಿಡಿದು ಇಳಿಬಿಡಿ. ಮೈಗೆ ಗಾಳಿಗುಳ್ಳೆ ಅಂಟಿದ್ದರೆ ಬೆರಳಿಂದ ಸವರಿ ಬಿಡಿಸಿ. ಈಗ ತಕ್ಕಡಿ 20 ತೋರಿಸಿದರೆ 24ನ್ನು 20ರಿಂದ ಭಾಗಿಸಿ: 1.2. ಅದೇ 15 ತೋರಿಸಿದರೆ 1.6, ಬಿಟ್ಟುಬಿಡಿ. ಎಲ್ಲಕ್ಕೂ ಇದೇ ಅಳತೆಗೋಲಲ್ಲ: ನೈಟ್ರೈಲ್ 1.2–1.35, ನಿಯೋಪ್ರೀನ್ 1.35–1.45 ಇರುವುದು ಸಹಜ.

ಇನ್ನು ಕೈಯ ಪರೀಕ್ಷೆಗಳು. ಮೂಲೆಯನ್ನು ಪೂರ್ತಿ ಹಿಂದಕ್ಕೆ ಮಡಚಿ ಹಿಂಡಿ. ಮಡಿಕೆಯಲ್ಲಿ ಕೂದಲೆಳೆಯ ಬಿರುಕು ಕಂಡರೆ ಅಥವಾ ಬಿಳಿ ಗೆರೆ ಮೂಡಿ ಮಾಯದಿದ್ದರೆ ಪುಡಿ ಹೆಚ್ಚು. ಬಿಳಿ ಕಾಗದದ ಮೇಲೆ ಉಜ್ಜಿ; ಪೆನ್ಸಿಲಿನಂತೆ ಕಪ್ಪು ಗೆರೆ ಎಳೆದರೆ ಬೇಗ ಸವೆಯುವ ಮಾಲು. ಕತ್ತರಿಸಿದ ಮುಖದಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದರೆ ಬೇಯುವಾಗ ಗಾಳಿ ಉಳಿದಿದೆ, ಒತ್ತಡದ ಕೆಲಸಕ್ಕೆ ಬೇಡ.

ನೈಟ್ರೈಲ್ ಎಂದು ಕೊಟ್ಟದ್ದು ನಿಜವೇ? ಕಪ್ಪು ಶೀಟುಗಳೆಲ್ಲ ನೋಡಲು ಒಂದೇ. ಒಂದು ಅಂಗುಲದ ಚೌಕ ಕತ್ತರಿಸಿ, ಕಾಗದದ ಮೇಲಿಟ್ಟು ಸುತ್ತ ಚೂಪು ಪೆನ್ಸಿಲಿನಲ್ಲಿ ಗೆರೆ ಎಳೆದು, ತುಂಡನ್ನು ಡೀಸೆಲಿನಲ್ಲಿ ಒಂದು ದಿನ ಮುಳುಗಿಸಿಡಿ. ಒರೆಸಿ ಅದೇ ಗೆರೆಯ ಮೇಲಿಡಿ. ನೈಟ್ರೈಲಾದರೆ ಹೆಚ್ಚುಕಡಿಮೆ ಗೆರೆಯೊಳಗೇ ಇರುತ್ತದೆ. ನೈಸರ್ಗಿಕವಾದರೆ ನಾಲ್ಕೂ ಬದಿಗೆ ಗೆರೆ ದಾಟಿ, ಅಂಚು ದೋಣಿಯಂತೆ ಮೇಲೆದ್ದು, ಮುಟ್ಟಿದರೆ ಬೇಯಿಸಿದ ಗೆಣಸಿನಷ್ಟು ಮೆತ್ತಗಿರುತ್ತದೆ. ನಿಯೋಪ್ರೀನನ್ನು ಗುರುತಿಸಲು ಸಣ್ಣ ಎಳೆಯನ್ನು ಇಕ್ಕಳದಲ್ಲಿ ಹಿಡಿದು ಅಂಗಳದಲ್ಲಿ ಸುಡಬಹುದು. ಜ್ವಾಲೆಯಿಂದ ತೆಗೆದರೆ ಅದು ಆರುತ್ತದೆ, ನೈಸರ್ಗಿಕ ರಬ್ಬರ್ ಮಸಿ ಕಾರುತ್ತ ಉರಿಯುತ್ತಲೇ ಇರುತ್ತದೆ. ಹೊಗೆ ಮೂಸಬೇಡಿ. ವೈಟಾನ್ ಎಂಬ ದುಬಾರಿ ಶೀಟನ್ನಂತೂ ಎಂದೂ ಸುಡಬಾರದು, ಅದರ ಹೊಗೆಯಲ್ಲಿ ಎಲುಬಿಗೂ ಇಳಿಯುವ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ.

ಹಟ್ಟಿಯ ಮ್ಯಾಟ್

ಜರ್ಸಿ, ಎಚ್‌ಎಫ್ ದನಗಳಿಗೆ 15–17 ಮಿ.ಮೀ. ದಪ್ಪ ಬೇಕು. ಕಾಸರಗೋಡು ಗಿಡ್ಡದಂತಹ ಹಗುರ ಮೈಯ ದನಕ್ಕೆ 10–12 ಸಾಕು. ಆರೂವರೆ ಅಡಿಗೆ ನಾಲ್ಕು ಅಡಿಯ, 17 ಮಿ.ಮೀ. ದಪ್ಪದ ಗಟ್ಟಿ ರಬ್ಬರ್ ಮ್ಯಾಟ್ ಗೀರು, ಕಾಲುವೆ ಕಳೆದು 45 ಕೆ.ಜಿ. ಆಸುಪಾಸು ತೂಗಬೇಕು. ಒಬ್ಬರೇ ಸಲೀಸಾಗಿ ಎತ್ತಿ ತಿರುಗಿಸುವಂತಿದ್ದರೆ ಅದು ಇವಿಎ ಫೋಮ್. ಅದು ಮೆದು, ಬೆಚ್ಚಗೆ. ಆದರೆ ಗೊರಸಿನ ತುದಿಗೆ ಬೇಗ ಹರಿಯುತ್ತದೆ, ತೊಳೆಯುವಾಗ ಮೇಲೇಳುತ್ತದೆ.

ಮ್ಯಾಟಿನ ಅಡಿಭಾಗ ನೋಡಿ ಕೊಳ್ಳಿ. ಅಡಿಯಲ್ಲಿ ಉದ್ದಕ್ಕೂ ಕಾಲುವೆಗಳಿದ್ದರೆ ಗಂಜಳ ಹರಿದು ಹೋಗುತ್ತದೆ. ಚಪ್ಪಟೆಯಾಗಿದ್ದರೆ ಅಡಿಯಲ್ಲೇ ನಿಂತು ನಾರುತ್ತದೆ, ನೊಣ ಬರುತ್ತದೆ, ಕೆಚ್ಚಲುಬಾವು ರೋಗಕ್ಕೂ ದಾರಿಯಾಗುತ್ತದೆ. ಹಟ್ಟಿಯ ನೆಲಕ್ಕೆ ಎರಡು ಮೀಟರಿಗೆ 3–5 ಸೆಂ.ಮೀ. ಇಳಿಜಾರು ಇರಬೇಕು, ಕಾಲುವೆಗಳು ಆ ದಿಕ್ಕಿಗೇ ಇರಬೇಕು. ಗೋಡೆಗೆ ಒತ್ತಿ ಹಾಸಬೇಡಿ. ಬೆಳಗ್ಗಿನ ತಂಪಿಗೂ ಏಪ್ರಿಲ್ ಮಧ್ಯಾಹ್ನಕ್ಕೂ 20 ಡಿಗ್ರಿ ವ್ಯತ್ಯಾಸ ಬಂದರೆ ಎರಡು ಮೀಟರ್ ರಬ್ಬರ್ 8 ಮಿ.ಮೀ.ನಷ್ಟು ಬೆಳೆಯುತ್ತದೆ, ಜಾಗವಿಲ್ಲದಿದ್ದರೆ ನಡುವೆ ಗುಡ್ಡೆ ಎದ್ದು ದನ ಎಡವುತ್ತದೆ. ಸುತ್ತ ಒಂದು ಸೆಂ.ಮೀ. ಬಿಡಿ. ವಾರಕ್ಕೊಮ್ಮೆ ಎತ್ತಿ ಅಡಿ ತೊಳೆಯಿರಿ. ಡೀಸೆಲ್, ಸೀಮೆಎಣ್ಣೆ ಹಾಕಿ ಒರೆಸುವುದು ಮಾತ್ರ ಕೂಡದು.

ಯಂತ್ರದ ಅಡಿಗೆ, ವಿದ್ಯುತ್ ಫಲಕದ ಮುಂದೆ

ಹಿಟ್ಟಿನ ಗಿರಣಿ, ಜನರೇಟರಿನ ಅಡಿಗೆ ಇಡೀ ಶೀಟ್ ಹಾಸಿದರೆ ನಡುಕ ಅಷ್ಟೇನೂ ಕಡಿಮೆಯಾಗುವುದಿಲ್ಲ. ಅಗಲ ಹಾಳೆಗೆ ಪಕ್ಕಕ್ಕೆ ಉಬ್ಬಲು ಜಾಗವಿಲ್ಲ, ಅದು ಕಲ್ಲಿನಂತೆ ವರ್ತಿಸುತ್ತದೆ. ಅದೇ ಶೀಟನ್ನು ಸಣ್ಣ ತುಂಡು ಮಾಡಿ ನಾಲ್ಕು ಮೂಲೆಗೆ ಇಡಿ. 200 ಕೆ.ಜಿ. ಯಂತ್ರಕ್ಕೆ 12 ಮಿ.ಮೀ. ದಪ್ಪದ, 5 ಸೆಂ.ಮೀ. ಚೌಕದ ನಾಲ್ಕು ತುಂಡು ಇಟ್ಟರೆ ಚದರ ಸೆಂಟಿಮೀಟರಿಗೆ 2 ಕೆ.ಜಿ. ಭಾರ ಬರುತ್ತದೆ, 60 ಗಟ್ಟಿತನದ ರಬ್ಬರ್ ಅದನ್ನು ಸುಖವಾಗಿ ಹೊರುತ್ತದೆ. ಡೀಸೆಲ್ ಚೆಲ್ಲುವ ಕಡೆ ನೈಟ್ರೈಲ್ ಅಥವಾ ನಿಯೋಪ್ರೀನ್.

ವಿದ್ಯುತ್ತಿನ ವಿಷಯದಲ್ಲಿ ರಾಜಿ ಬೇಡ. ಸಾಮಾನ್ಯ ಕಪ್ಪು ಶೀಟಿನಲ್ಲಿರುವ ಕಾರ್ಬನ್ ಬ್ಲ್ಯಾಕ್ ವಿದ್ಯುತ್ ಹರಿಸಬಲ್ಲದು. ‘ರಬ್ಬರಲ್ಲವೇ, ಶಾಕ್ ಹೊಡೆಯದು’ ಎಂದು ಅದರ ಮೇಲೆ ನಿಂತು ಫಲಕ ಮುಟ್ಟುವುದು ಪ್ರಾಣಾಪಾಯ. ಸ್ವಿಚ್‌ಬೋರ್ಡಿನ ಮುಂದೆ ಹಾಸಲು ಐಎಸ್ 15652 ಮಾನಕದ, ಐಎಸ್‌ಐ ಗುರುತಿರುವ ಇನ್ಸುಲೇಟಿಂಗ್ ಮ್ಯಾಟ್ ಮಾತ್ರ ಬಳಸಿ. ಅದರಲ್ಲಿ ಎ ವರ್ಗ 2 ಮಿ.ಮೀ. ದಪ್ಪದ್ದು, 3.3 ಕಿಲೋವೋಲ್ಟ್ (ಕೆ.ವಿ.) ವರೆಗೆ; ಬಿ ವರ್ಗ 2.5 ಮಿ.ಮೀ., 11 ಕೆ.ವಿ.ವರೆಗೆ, ಸಿ ವರ್ಗ 3 ಮಿ.ಮೀ., 33 ಕೆ.ವಿ.ವರೆಗೆ. ಮನೆ, ಗಿರಣಿಯ ಫಲಕಕ್ಕೆ ಎ ವರ್ಗ ಸಾಕು. ತೂತಾದ, ಕೊಯ್ದುಹೋದ ಮ್ಯಾಟಿಗೆ ತೇಪೆ ಹಾಕದೆ ಬದಲಿಸಿ.

ಉಳಿದ ತುಂಡು ಇಡುವುದು

ಶೀಟನ್ನು ಮಡಚದೆ ಸಡಿಲವಾಗಿ ಸುರುಳಿ ಮಾಡಿ, ಟಾಲ್ಕ್ ಪುಡಿ ಉದುರಿಸಿ, ಕತ್ತಲೆಯಲ್ಲಿ ಇಡಿ. ಮಡಿಕೆಯಲ್ಲಿ ರಬ್ಬರ್ ಎಳೆದುಕೊಂಡಿರುತ್ತದೆ, ಗಾಳಿಯ ಓಝೋನ್ ಮೊದಲು ಬಾಯಿ ಹಾಕುವುದು ಅಲ್ಲಿಗೇ. ಕಿಡಿ ಹಾರುವ ಮೋಟಾರು, ವೆಲ್ಡಿಂಗ್ ಮೆಷಿನ್ ಇರುವ ಕೋಣೆಯಲ್ಲಿ ಓಝೋನ್ ಹೆಚ್ಚು, ಅಲ್ಲಿ ಬೇಡ. ಅಡುಗೆಮನೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಆ ಬಿಸಿಗೆ ರಬ್ಬರ್ ಗಡುಸಾಗುತ್ತದೆ. ಸುರುಳಿಗೆ ಒಂದು ಚೀಟಿ ಕಟ್ಟಿ ಜಾತಿ, ದಪ್ಪ, ತಂದ ತಿಂಗಳು ಬರೆದಿಡಿ. ಆರು ತಿಂಗಳ ಮೇಲೆ ನೈಟ್ರೈಲ್ ಯಾವುದು, ಇಪಿಡಿಎಂ ಯಾವುದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ, ಮತ್ತೆ ಡೀಸೆಲಿನಲ್ಲಿ ಮುಳುಗಿಸಿಯೇ ನೋಡಬೇಕಾಗುತ್ತದೆ.